ಹಳೆಯ ಹಾಡು ಅಳಿಸಲೇ?

ಪ್ರಶ್ನೆ: ನಾನೇ ಹಾಡು ಬರೆದು ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ಇದು ದೇವರು ಕೊಟ್ಟ ಕೆಲಸ ಅಂತ ನಂಬಿದ್ದೆ. ಈಗ ಹಳೆಯ ಹಾಡು ಕೇಳಿದರೆ ಎಲ್ಲ ಅಳಿಸಿಬಿಡೋಣ ಅನ್ನಿಸುತ್ತದೆ. ನಿಲ್ಲಿಸಲೇ?
– ಓದುಗ, ಹಾವೇರಿ

ಉತ್ತರ: ಅಳಿಸಬೇಡಿ. ಹಳೆಯ ತಪ್ಪು ಈಗ ಕೇಳಿಸುತ್ತಿದೆ ಅಂದರೆ ನಿಮ್ಮ ಕಿವಿ ಬೆಳೆದಿದೆ, ಅಲ್ವಾ? ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನೇ ನೋಡಿ. ರೆಕಾರ್ಡುಗಳು ಬಂದು ಹೆಸರಾದ ಮೇಲೂ ಅವರು ಮಂಜೀಖಾನರ ಬಳಿ, ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜೀಖಾನರ ಬಳಿ ಮತ್ತೆ ಶಿಷ್ಯರಾಗಿ ಕೂತರು. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಹೊತ್ತಿಗೆ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಮೇಲೆ ಅವರಿಗೆ ಅಪಾರ ಭಕ್ತಿ. ಅದರ ಜೊತೆಗೇ ದಿನದ ರಿಯಾಜೂ (ಹಾಡಿನ ಅಭ್ಯಾಸ) ಇತ್ತು. ನಿಮಗೆ ಕಷ್ಟವಾಗಿರುವುದು ಒಂಟಿತನ ಅನ್ನಿಸುತ್ತದೆ. ಮುಲಾಜಿಲ್ಲದೆ ತಿದ್ದುವ ಒಬ್ಬರನ್ನು ಹುಡುಕಿ. ಆ ಹಳೆಯ ಹಾಡೊಂದನ್ನು ಈಗಿನ ದನಿಯಲ್ಲಿ ಮತ್ತೆ ಹಾಡಿ, ನಮಗೂ ಕಳುಹಿಸಿ.