ಹೊಸ ಕಂಪ್ಯೂಟರಿನೊಳಗೆ ಹಳೆಯ ಎಕ್ಸ್‌ಪಿ

ಪ್ರಶ್ನೆ: ಉಡುಪಿಯ ರಥಬೀದಿಯ ಬಳಿ ಚಿಕ್ಕ ಮುದ್ರಣಾಲಯ ನಡೆಸುತ್ತಿದ್ದೇನೆ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ ಮುಂತಾದ ಹಳೆಯ ಪೇಜ್‌ಮೇಕರ್ ಫೈಲುಗಳೆಲ್ಲ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರಿನಲ್ಲಿವೆ. ಅದೀಗ ಪದೇ ಪದೇ ಕೈಕೊಡುತ್ತಿದೆ. ವಿಂಡೋಸ್ 11 ಇರುವ ಹೊಸ ಕಂಪ್ಯೂಟರಿನಲ್ಲೇ ಎಕ್ಸ್‌ಪಿಯನ್ನೂ ನಡೆಸಬಹುದೆಂದು ಮಗ ವರ್ಚುವಲ್‌ಬಾಕ್ಸ್ ಹಾಕಿಕೊಟ್ಟಿದ್ದಾನೆ. ಆದರೆ ಬಯಾಸ್‌ನಲ್ಲಿ ವಿಟಿ-ಎಕ್ಸ್ ಆಫ್ ಆಗಿದೆ ಎಂಬ ಸಂದೇಶ ಬರುತ್ತದೆ. ಏನಿದು?
– ಓದುಗರು, ಉಡುಪಿ

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಇಡೀ ಯಂತ್ರ ತನ್ನ ಹತೋಟಿಯಲ್ಲಿದೆ ಎಂಬ ಎಣಿಕೆಯ ಮೇಲೆಯೇ ಪ್ರತಿಯೊಂದು ಆಪರೇಟಿಂಗ್ ಸಿಸ್ಟಮ್ ಕೆಲಸ ಮಾಡುವುದರಿಂದ, ಎರಡನ್ನು ಒಟ್ಟಿಗೆ ನಡೆಸಬೇಕಾದರೆ ಅತಿಥಿಯಾಗಿ ಬಂದ ಎಕ್ಸ್‌ಪಿಗೆ ಆ ನಂಬಿಕೆ ಹಾಗೆಯೇ ಉಳಿಯಬೇಕು, ನಿಜವಾದ ಅಧಿಕಾರ ಮಾತ್ರ ಸಿಗಬಾರದು. ಈ ಉಸ್ತುವಾರಿ ನೋಡಿಕೊಳ್ಳುವ ತಂತ್ರಾಂಶವೇ ಹೈಪರ್‌ವೈಸರ್; ನಿಮ್ಮ ಮಗ ಹಾಕಿಕೊಟ್ಟ ವರ್ಚುವಲ್‌ಬಾಕ್ಸ್ ಅಂಥದ್ದೇ. ಐಬಿಎಂ ತನ್ನ ದೊಡ್ಡ ಕಂಪ್ಯೂಟರುಗಳಲ್ಲಿ 1960ರ ದಶಕದಲ್ಲೇ ಇದನ್ನು ಸಾಧಿಸಿತ್ತು.

ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ತೊಡಕು ಬೇರೆಯೇ ಇತ್ತು. ಅಧಿಕಾರವಿಲ್ಲದ ತಂತ್ರಾಂಶ ಅಧಿಕಾರದ ಆದೇಶ ಕೊಟ್ಟರೆ ಪ್ರೊಸೆಸರ್ ಅದನ್ನು ತಡೆದು ಹೈಪರ್‌ವೈಸರ್‌ಗೆ ತಿಳಿಸಬೇಕು. ಆದರೆ ಈ ಕಂಪ್ಯೂಟರುಗಳಲ್ಲಿರುವ ಎಕ್ಸ್86 ಎಂಬ ಬಗೆಯ ಪ್ರೊಸೆಸರುಗಳು ‘ಪಾಪ್‌ಎಫ್’ನಂಥ ಕೆಲವು ಆದೇಶಗಳಲ್ಲಿ ಅನಧಿಕೃತ ಭಾಗವನ್ನು ಸದ್ದಿಲ್ಲದೆ ಕಡೆಗಣಿಸಿ ಮುಂದೆ ಹೋಗುತ್ತಿದ್ದವು, ಹೈಪರ್‌ವೈಸರ್‌ಗೆ ಸುಳಿವೇ ಸಿಗುತ್ತಿರಲಿಲ್ಲ. 1999ರಲ್ಲಿ ವಿಎಂವೇರ್ ಎಂಬ ಕಂಪನಿ ಅಂಥ ಆದೇಶಗಳನ್ನು ಓಡುತ್ತಿರುವಾಗಲೇ ಬದಲಿಸುವ ಜಾಣ ಉಪಾಯ ಹೂಡಿತು. 2005ರಲ್ಲಿ ಇಂಟೆಲ್ ವಿಟಿ-ಎಕ್ಸ್ ಹೆಸರಿನಲ್ಲಿ, ಮರುವರ್ಷ ಎಎಂಡಿ ತನ್ನದೇ ರೀತಿಯಲ್ಲಿ, ಅತಿಥಿಗೆಂದೇ ಪ್ರತ್ಯೇಕ ಸ್ಥಿತಿಯೊಂದನ್ನು ಪ್ರೊಸೆಸರಿನಲ್ಲೇ ಕಲ್ಪಿಸಿದವು. ಈಗ ಎಕ್ಸ್‌ಪಿ ಅಧಿಕಾರದ ಆದೇಶ ಕೊಟ್ಟ ಕ್ಷಣವೇ ಪ್ರೊಸೆಸರ್ ಅದರ ಸ್ಥಿತಿಯನ್ನು ಉಳಿಸಿಟ್ಟು, ಹತೋಟಿಯನ್ನು ಹೈಪರ್‌ವೈಸರ್‌ಗೆ ಒಪ್ಪಿಸುತ್ತದೆ.

ನಿಮಗೆ ಬಂದ ಸಂದೇಶ ಹೇಳುವುದು ಈ ಸೌಲಭ್ಯದ ಬಗ್ಗೆಯೇ. ಇದನ್ನು ಆಫ್ ಮಾಡಿಯೇ ಕಂಪ್ಯೂಟರ್ ಮಾರುವವರಿದ್ದಾರೆ. ಕೊಳ್ಳುವವರಿಗೆ ಅದನ್ನು ಹೇಳುವವರು ಕಡಿಮೆ. ಕಂಪ್ಯೂಟರ್ ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಕೀ ಒತ್ತಿ (ಕಂಪನಿಗೆ ತಕ್ಕಂತೆ ಕೀ ಬದಲಾಗುತ್ತದೆ) ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಗೆ) ಹೋಗಿ, ‘ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ’ ಎಂಬುದನ್ನು ಆನ್ ಮಾಡಿ, ಸೇವ್ ಮಾಡಿ. ಎಎಂಡಿ ಯಂತ್ರಗಳಲ್ಲಿ ಅದರ ಹೆಸರು ‘ಎಸ್‌ವಿಎಂ’.

ಎಕ್ಸ್‌ಪಿಗೆ 1 ಜಿಬಿ ರ‍್ಯಾಮ್ ಧಾರಾಳವಾಯಿತು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಅದರ ಬೆಂಬಲ ನಿಲ್ಲಿಸಿರುವುದರಿಂದ ಅತಿಥಿಗೆ ಇಂಟರ್ನೆಟ್ ಸಂಪರ್ಕ ಕೊಡಬೇಡಿ. ಪುಟಗಳನ್ನು ಪಿಡಿಎಫ್ ಮಾಡಿ ಶೇರ್ಡ್ ಫೋಲ್ಡರ್ ಮೂಲಕ ಹೊರಗೆ ತನ್ನಿ. ಕನ್ನಡ ಫಾಂಟುಗಳನ್ನು ಅತಿಥಿಯೊಳಗೇ ಮತ್ತೆ ಹಾಕಬೇಕಾಗುತ್ತದೆ. ನಿಮ್ಮ ಲಿಪಿ ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ (ತಂತ್ರಾಂಶ ನಡೆಯಲು ಸಿಕ್ಕಿಸಿರಬೇಕಾದ ಪುಟ್ಟ ಸಾಧನ) ಇದ್ದರೆ ಅದನ್ನು ಎಕ್ಸ್‌ಪಿಗೆ ಜೋಡಿಸುವ ಅವಕಾಶ ವರ್ಚುವಲ್‌ಬಾಕ್ಸ್‌ನಲ್ಲಿದೆ. ಹಳೆಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಆಗಿದ್ದರೆ ಹಳೆಯ ಯಂತ್ರವನ್ನು ಸದ್ಯಕ್ಕೆ ಗುಜರಿಗೆ ಹಾಕಬೇಡಿ.