ಕೊಚ್ಚಿಯ ಜ್ಯೂ ಟೌನ್ ನೋಡಲು ಶುಕ್ರವಾರದಿಂದ ಭಾನುವಾರದವರೆಗೆ ಹೇಗೆ ಪ್ಲಾನ್ ಮಾಡಬೇಕು?

ನೀವು ಬರೆದಿರುವ ಪ್ರಕಾರ ಅಪ್ಪ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಹೊರಟು ಶುಕ್ರವಾರ ಬೆಳಗ್ಗೆ ಎರ್ನಾಕುಲಂ ತಲುಪುತ್ತೀರಿ, ಭಾನುವಾರ ರಾತ್ರಿ ವಾಪಸ್. ಶನಿವಾರ ಅರ್ಧ ದಿನ ಮಟ್ಟಂಚೇರಿಯ ಜ್ಯೂ ಟೌನ್‌ಗೆ ಇಟ್ಟರೆ ಸಾಕಾ ಅಂತ ನಿಮ್ಮ ಪ್ರಶ್ನೆ.

ಶನಿವಾರ ಖಂಡಿತ ಬೇಡ. ಅದು ಯಹೂದಿಗಳ ಶಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಅಲ್ಲಿನ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಬಾಗಿಲು ಹಾಕಿರುತ್ತದೆ. ಶುಕ್ರವಾರ ಮಧ್ಯಾಹ್ನದ ಮೇಲೂ ಇಲ್ಲ. ಪಕ್ಕದ ಮಟ್ಟಂಚೇರಿ ಅರಮನೆಗೆ ಶುಕ್ರವಾರ ರಜೆ. ಯಹೂದಿ ಹಬ್ಬಗಳಿಗೂ ಸಿನಗಾಗ್ ಮುಚ್ಚುತ್ತಾರೆ. ನಿಮ್ಮ ಮೂರು ದಿನದಲ್ಲಿ ಎರಡೂ ಒಟ್ಟಿಗೆ ಸಿಗುವುದು ಭಾನುವಾರ ಮಾತ್ರ. ಹಾಗಂತ ಉಳಿದ ಎರಡು ದಿನ ವ್ಯರ್ಥ ಅಂದುಕೊಳ್ಳಬೇಡಿ. ನನ್ನನ್ನು ಕೇಳಿದರೆ ಕೊಚ್ಚಿಯ ಯಹೂದಿಗಳ ನಿಜವಾದ ಕತೆ ಆ ಎರಡು ದಿನದಲ್ಲೇ ಜಾಸ್ತಿ ಸಿಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಎಲ್ಲರೂ ಫೋಟೋದಲ್ಲಿ ನೋಡುವ ಮಟ್ಟಂಚೇರಿಯ ಸಿನಗಾಗ್ ಪರದೇಶಿ ಯಹೂದಿಗಳದ್ದು. ಪೋರ್ಚುಗಲ್, ಸ್ಪೇನ್ ಕಡೆಯಿಂದ ಓಡಿಬಂದವರು, ಆಮೇಲೆ ಬೇರೆ ಬೇರೆ ಕಡೆಯಿಂದ ಬಂದು ಸೇರಿಕೊಂಡವರು ಕಟ್ಟಿಕೊಂಡಿದ್ದು. ಅವರಿಗಿಂತ ಎಷ್ಟೋ ಮೊದಲಿನಿಂದ ಮಲಬಾರಿ ಯಹೂದಿಗಳು ಕೇರಳದಲ್ಲಿದ್ದರು. ಸಂಖ್ಯೆಯಲ್ಲೂ ಅವರೇ ದೊಡ್ಡವರು. ಕ್ರಿ.ಶ. 1000ದ ಸುಮಾರಿಗೆ ರಾಜ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಶಾಸನ ಬರೆಸಿಕೊಟ್ಟ. ಪಲ್ಲಕ್ಕಿ, ಛತ್ರಿ, ಹಗಲು ದೀಪ, ತೆರಿಗೆ ವಿನಾಯಿತಿ, ಹೀಗೆ 72 ಹಕ್ಕುಗಳು. ಭೂಮಿ, ಚಂದ್ರ ಇರುವವರೆಗೆ ನಡೆಯಬೇಕು ಅಂತ ಬರೆದಿದೆ. ನಮ್ಮ ಊರಿನ ದಾನಶಾಸನಗಳಲ್ಲಿ ಬರುವ ಮಾತೇ, ಅಲ್ವಾ? ಇಷ್ಟು ಹಳೆಯ ಜನರ ಸಿನಗಾಗ್‌ಗಳ ಕಡೆ ಪ್ರವಾಸಿಗರು ತಿರುಗಿಯೂ ನೋಡುವುದಿಲ್ಲ. ನೀವು ನೋಡಿ.

ಶುಕ್ರವಾರ ಬೆಳಗ್ಗೆ ಸ್ನಾನ, ತಿಂಡಿ ಮುಗಿಸಿ ಎರ್ನಾಕುಲಂ ಮಾರ್ಕೆಟ್ ರೋಡಿಗೆ ಹೋಗಿ. ಅಲ್ಲಿ ಕಡವುಂಭಾಗಂ ಸಿನಗಾಗ್ ಇದೆ. ರಸ್ತೆಯಿಂದ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಮುಂದೆ ಇರುವುದು ಗಿಡ ಮತ್ತು ಅಕ್ವೇರಿಯಂ ಮೀನಿನ ಅಂಗಡಿ. ಕುಂಡಗಳು, ಮೀನಿನ ತೊಟ್ಟಿಗಳು ದಾಟಿ ಒಳಗೆ ಹೋದರೆ ಕೆತ್ತನೆಯ ಮರದ ಕೆಲಸ, ತೂಗುದೀಪಗಳ ದೊಡ್ಡ ಹಾಲ್. 1950ರ ದಶಕದಲ್ಲಿ ಮಲಬಾರಿ ಯಹೂದಿಗಳು ಊರಿಗೆ ಊರೇ ಇಸ್ರೇಲಿಗೆ ಹೊರಟಾಗ ಇಂಥ ಕಟ್ಟಡಗಳು ಅನಾಥವಾದವು. ಇದು ಉಳಿದಿದ್ದು ಸಮುದಾಯದಲ್ಲಿ ಇಲ್ಲೇ ನಿಂತವರು ಬಿಡದೆ ನೋಡಿಕೊಂಡಿದ್ದರಿಂದ. ಟಿಕೆಟ್ ಕೌಂಟರ್ ಇರುವ ಜಾಗ ಅಲ್ಲ. ಅಂಗಡಿಯಲ್ಲಿ ವಿನಯದಿಂದ ಕೇಳಿ, ತೋರಿಸಿದರೆ ನೋಡಿ, ಕೈಲಾದಷ್ಟು ಕಾಣಿಕೆ ಕೊಡಿ. ಮಧ್ಯಾಹ್ನದ ಒಳಗೆ ಹೋಗಿ. ಸಂಜೆ ಹೈಕೋರ್ಟ್ ಟರ್ಮಿನಲ್‌ನಿಂದ ವಾಟರ್ ಮೆಟ್ರೋ ಹಿಡಿದು ಫೋರ್ಟ್ ಕೊಚ್ಚಿಗೆ ಹೋಗಿ ಚೀನಾ ಬಲೆ ನೋಡಿಕೊಂಡು ಬನ್ನಿ. ಎಸಿ ದೋಣಿ, ಹತ್ತಿ ಇಳಿಯುವುದು ಸುಲಭ. ವಯಸ್ಸಾದವರಿಗೆ ಟ್ಯಾಕ್ಸಿಗಿಂತ ಎಷ್ಟೋ ಹಿತ.

ಶನಿವಾರ ಕಾರು ಮಾಡಿಕೊಂಡು ಪರವೂರು, ಚೇಂದಮಂಗಲಂ ಎರಡೂ ನೋಡಿ. ಎರ್ನಾಕುಲಂನಿಂದ ಸುಮಾರು 25 ಕಿ.ಮೀ. ಡ್ರೈವರ್‌ಗೆ ‘ನಾರ್ತ್ ಪರವೂರ್’ ಅಂತ ಬಿಡಿಸಿ ಹೇಳಿ, ಕೊಲ್ಲಂ ಹತ್ತಿರ ಇನ್ನೊಂದು ಪರವೂರು ಇದೆ. ಎರಡೂ ಸಿನಗಾಗ್‌ಗಳು ಈಗ ಕೇರಳದ ಹಳೇ ಬಂದರು ಮುಜಿರಿಸ್ ಹೆಸರಿನ ಪಾರಂಪರಿಕ ಯೋಜನೆಯಡಿ ಮ್ಯೂಸಿಯಂ ಆಗಿವೆ. ಅಲ್ಲಿ ಪೂಜೆ ನಡೆಯುವುದಿಲ್ಲ, ಹಾಗಾಗಿ ಶನಿವಾರ ತೆರೆದಿರುತ್ತವೆ. ರಜೆ ಸೋಮವಾರ.

ಚೇಂದಮಂಗಲಂನಲ್ಲಿ ಒಳಗೆ ಓಡುವ ಮೊದಲು ಅಂಗಳದಲ್ಲಿ ನಿಲ್ಲಿ. ಅಲ್ಲೊಂದು ಸಮಾಧಿ ಕಲ್ಲು ಇದೆ. 1269ರಲ್ಲಿ ತೀರಿಕೊಂಡ ಸಾರಾ ಎಂಬ ಹೆಣ್ಣುಮಗಳದ್ದು. ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಹೀಬ್ರೂ ಬರಹ ಅಂತ ಇದನ್ನು ಹೇಳುತ್ತಾರೆ. ದ್ವಾರಸಮುದ್ರದಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲಕ್ಕೆ ಇಲ್ಲಿ ಒಬ್ಬ ಮಗಳಿಗೆ ಹೀಬ್ರೂವಿನಲ್ಲಿ ಕಲ್ಲು ಕೆತ್ತಿಸಿದ್ದಾರೆ. ಒಳಗೆ ಹೋದರೆ ತಲೆ ಎತ್ತಿ ಅಟ್ಟದ ಕಡೆ ನೋಡಿ. ಧರ್ಮಗ್ರಂಥ ಓದುವ ಕಟ್ಟೆ ಸಿನಗಾಗ್‌ನ ನಡುವೆ ಇರುವುದು ಬೇರೆ ಕಡೆಯೂ ಉಂಟು. ಕೇರಳದಲ್ಲಿ ಮೇಲಿನ ಅಟ್ಟದಲ್ಲೂ ಎರಡನೆಯದೊಂದು ಇರುತ್ತದೆ, ಹೆಂಗಸರು ಕೂರುವ ಜಾಗ ಅದರ ಹಿಂದೆಯೇ. ಅದೇ ಹೆಂಗಸರು ಮದುವೆಗಳಲ್ಲಿ, ಹಬ್ಬಗಳಲ್ಲಿ ಮಲಯಾಳಂ ಹಾಡು ಹೇಳುತ್ತಿದ್ದರು. ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕಗಳಲ್ಲಿ ಅವು ಉಳಿದುಕೊಂಡವು.

ಭಾನುವಾರ ಹತ್ತು ಗಂಟೆಗೆಲ್ಲ ಜ್ಯೂ ಟೌನ್‌ನಲ್ಲಿರಿ. ಸಿನಗಾಗನ್ನು ಮಧ್ಯಾಹ್ನ ಒಂದಕ್ಕೆ ಮುಚ್ಚಿ ಮೂರಕ್ಕೆ ಮತ್ತೆ ತೆರೆಯುತ್ತಾರೆ. ಹನ್ನೊಂದರ ಮೇಲೆ ಟೂರ್ ಬಸ್ಸಿನವರು ಬಂದರೆ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಮೊದಲು ಸಿನಗಾಗ್, ಆಮೇಲೆ ಅರಮನೆ. ಸಿನಗಾಗ್ 1568ರಲ್ಲಿ ಕಟ್ಟಿದ್ದು, ಕೊಚ್ಚಿ ರಾಜ ತನ್ನ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. 1662ರಲ್ಲಿ ಪೋರ್ಚುಗೀಸರು ಸುಟ್ಟರು, ಡಚ್ಚರು ಬಂದ ಮೇಲೆ ಮತ್ತೆ ಎದ್ದಿತು. ಗಡಿಯಾರದ ಗೋಪುರ 1760ರದ್ದು, ಎಝೆಕಿಯಲ್ ರಹಾಬಿ ಎಂಬ ಯಹೂದಿ ವ್ಯಾಪಾರಿ ಕಟ್ಟಿಸಿದ್ದು. ಚಪ್ಪಲಿ ಹೊರಗೆ ಬಿಡಬೇಕು, ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿರಬೇಕು, ಒಳಗೆ ಫೋಟೋ ಇಲ್ಲ.

ಫೋಟೋ ಇಲ್ಲದಿರುವುದು ಒಳ್ಳೆಯದೇ. ಗೋಡೆ ಪಕ್ಕದ ಬೆಂಚಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿ, ನೀವೂ ಕೂತು ನೆಲ ನೋಡಿ. ಚೀನಾದಿಂದ ತರಿಸಿದ ಬಿಳಿ ಹಂಚಿನ ಮೇಲೆ ನೀಲಿ ಚಿತ್ರ. ಎಲ್ಲ ಒಂದೇ ಥರ ಅನ್ನಿಸುತ್ತದೆ. ಎರಡು ಪಕ್ಕಪಕ್ಕದ ಹಂಚನ್ನು ಹೋಲಿಸಿ ನೋಡಿ. ಒಂದರಲ್ಲಿ ಮರದ ಕೊಂಬೆ ಚೂರು ಬಾಗಿದೆ, ಇನ್ನೊಂದರಲ್ಲಿ ಎಲೆಯ ಗೆರೆ ದಪ್ಪ. ಕೈಯಲ್ಲಿ ಬರೆದದ್ದು, ಹಾಗಾಗಿ ಒಂದರಂತೆ ಇನ್ನೊಂದಿಲ್ಲ.

ಇದೇ ಕಟ್ಟಡದಲ್ಲಿ ಬಿಡುಗಡೆಯಾದ ಗುಲಾಮರ ವಂಶದ ಯಹೂದಿಗಳಿಗೆ ತಲೆಮಾರುಗಟ್ಟಲೆ ಸಮನಾದ ಜಾಗ ಕೊಡಲಿಲ್ಲ. ಆ ವಂಶದ ಎ.ಬಿ. ಸೇಲಂ ಎಂಬ ವಕೀಲರು ಗಾಂಧೀಜಿಯ ದಾರಿ ಹಿಡಿದು ಸಿನಗಾಗ್ ಒಳಗೇ ಸತ್ಯಾಗ್ರಹ ಮಾಡಿದರು. ನೆಲದ ಹಂಚು ತೋರಿಸುವ ಗೈಡುಗಳು ಸೇಲಂ ಹೆಸರನ್ನೂ ಹೇಳಬೇಕು ಅಂತ ನನಗೆ ತುಂಬ ಅನ್ನಿಸುತ್ತದೆ. ನೀವಾದರೂ ಅಪ್ಪ ಅಮ್ಮನಿಗೆ ಹೇಳಿ.

ಹೊರಗೆ ಬಂದು ಬೀದಿ ನಡೆಯಿರಿ. ಕಿಟಕಿಯ ಸರಳುಗಳಲ್ಲಿ ಆರು ಮೂಲೆಯ ನಕ್ಷತ್ರ ಕಾಣುತ್ತದೆ. ಇಲ್ಲಿ ಕಸೂತಿ ಅಂಗಡಿ ಇಟ್ಟಿದ್ದ ಯಹೂದಿ ಅಜ್ಜಿ ಸಾರಾ ಕೊಹೆನ್ 2019ರಲ್ಲಿ ತೀರಿಕೊಂಡರು. ಈಗ ಇರುವ ಅಂಗಡಿಗಳು ಬಹುತೇಕ ಹಳೇ ಸಾಮಾನು, ಶಾಲು, ಮಸಾಲೆಯವು. ‘ಪುರಾತನ’ ಅಂತ ತೋರಿಸುವುದೆಲ್ಲ ಪುರಾತನ ಅಲ್ಲ, ದುಡ್ಡು ಹಾಕುವ ಮುಂಚೆ ಯೋಚಿಸಿ. ಇದೇ ರಸ್ತೆಯಲ್ಲಿ ಮೆಣಸಿನ ವ್ಯಾಪಾರಿಗಳ ಸಂಘದ ಕಟ್ಟಡವೂ ಇದೆ. ನಮ್ಮದು ಮೂಡಿಗೆರೆ ಕಡೆ. ಮನೆಯಲ್ಲಿ ಕಾಳುಮೆಣಸು ಒಣಗಿದ ಮೇಲೆ ದೊಡ್ಡವರು ಮೊದಲು ಕೇಳುತ್ತಿದ್ದದ್ದು ‘ಕೊಚ್ಚಿ ರೇಟ್ ಎಷ್ಟು’ ಅಂತಲೇ. ಅದಕ್ಕೇ ಈ ರಸ್ತೆ ನನಗೆ ಪರಸ್ಥಳ ಅನ್ನಿಸಲೇ ಇಲ್ಲ.

ಇದೇ ರಸ್ತೆಯಲ್ಲಿ ಮುಂದೆ ಹೋದರೆ ಮಲಬಾರಿಗಳ ಇನ್ನೊಂದು ಕಡವುಂಭಾಗಂ ಸಿನಗಾಗ್‌ನ ಅವಶೇಷ ಇದೆ. ಒಳಗಿನ ಮರದ ಕೆಲಸವನ್ನು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂಗೆ ಸಾಗಿಸಿದ್ದಾರೆ. ಖಾಲಿ ಉಳಿದ ಕಟ್ಟಡದ ಒಂದು ಭಾಗ 2019ರ ಮಳೆಗೆ ಕುಸಿಯಿತು. ಪರದೇಶಿ ಸಿನಗಾಗ್ ನೋಡಿದ ದಿನವೇ ಇದನ್ನೂ ನೋಡಿ, ಆಗ ವ್ಯತ್ಯಾಸ ಗೊತ್ತಾಗುತ್ತದೆ.

ನಿಮ್ಮ ತಾಯಿ ಕಡೆಯವರು ಮಂಗಳೂರಿನ ಕೊಂಕಣಿಗರು ಅಂತ ಬರೆದಿದ್ದೀರಿ. ಹಾಗಾದರೆ ಸಂಜೆ ಚೆರಳಾಯಿಯ ತಿರುಮಲ ದೇವಸ್ಥಾನಕ್ಕೂ ಹೋಗಿ, ಆಟೋದಲ್ಲಿ ಹತ್ತಿರವೇ. ಗೋವಾದಿಂದ ಪೋರ್ಚುಗೀಸರ ಕಾಟಕ್ಕೆ ಓಡಿಬಂದ ಗೌಡ ಸಾರಸ್ವತರು ಕಟ್ಟಿದ್ದು. ಅಮ್ಮ ಅಲ್ಲಿ ಕೊಂಕಣಿಯಲ್ಲೇ ಮಾತಾಡಬಹುದು. ರೈಲಿಗೆ ಎರಡು ಗಂಟೆ ಮುಂಚೆ ಮಟ್ಟಂಚೇರಿ ಬಿಡಿ, ಭಾನುವಾರ ಸಂಜೆ ತೋಪ್ಪುಂಪಡಿ ಸೇತುವೆ ಕಡೆ ಟ್ರಾಫಿಕ್ ಜಾಸ್ತಿ ಇರುತ್ತದೆ.