ಹೆಸರು ಅಳಿಸಿದ ಮಾಹಿತಿಯಿಂದಲೂ ನಮ್ಮನ್ನು ಗುರುತಿಸಬಹುದೇ?

ನಾವು ಎಲ್ಲೆಲ್ಲಿ ಇದ್ದೆವು ಎಂದು ಮೊಬೈಲ್ ಆ್ಯಪ್‌ಗಳು ಕಲೆಹಾಕುವ ಮಾಹಿತಿಯನ್ನು ಹೆಸರು, ಫೋನ್ ಸಂಖ್ಯೆ ಅಳಿಸಿ ಮಾರಿದರೆ ತೊಂದರೆಯೇನು ಎಂದು ಕೇಳಿದ್ದೀರಿ. ತೊಂದರೆ ಖಂಡಿತ ಇದೆ. ಜನರ ಆತಂಕ ಅತಿಯಾದದ್ದಲ್ಲ. ಮೊಬೈಲ್ ರಾತ್ರಿ ಎಲ್ಲಿರುತ್ತದೆ, ಹಗಲು ಎಲ್ಲಿರುತ್ತದೆ ಎಂಬುದಷ್ಟರಿಂದಲೇ ಮನೆ, ಕಚೇರಿ ಎರಡೂ ಗೊತ್ತಾಗುತ್ತವೆ. ಈ ಎರಡಕ್ಕೂ ಹೊಂದುವ ವ್ಯಕ್ತಿ ಹೆಚ್ಚಾಗಿ ಒಬ್ಬರೇ. ಸುಮಾರು 15 ಲಕ್ಷ ಜನರ ಮೊಬೈಲ್ ಜಾಡನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಥಳ ಮತ್ತು ಸಮಯದ ನಾಲ್ಕೇ ನಾಲ್ಕು ಗುರುತುಗಳು 95% ಮಂದಿಯನ್ನು ಬೇರ್ಪಡಿಸಿ ತೋರಿಸಲು ಸಾಕಾದವು. ಆಸ್ಪತ್ರೆ, ವಕೀಲರ ಕಚೇರಿ, ಯಾರಿಗೂ ಹೇಳದ ಭೇಟಿಗಳು ಎಲ್ಲವೂ ಅದೇ ಜಾಡಿನಲ್ಲಿರುತ್ತವೆ. ಸೋರಿದ ಪಾಸ್‌ವರ್ಡ್ ಬದಲಿಸಬಹುದು, ನಡೆದ ದಾರಿಯನ್ನು ಬದಲಿಸಲಾಗದು. ಟಾರ್ಚ್ ಆ್ಯಪ್‌ಗೆ ನೀವಿರುವ ಸ್ಥಳ ಏಕೆ ಬೇಕು? ಸೆಟ್ಟಿಂಗ್ಸ್ ತೆರೆದು, ನಕ್ಷೆಯಂಥವಕ್ಕೆ ಬಳಸುವಾಗ ಮಾತ್ರ ಅನುಮತಿ ಕೊಟ್ಟು, ಉಳಿದವಕ್ಕೆ ಇಂದೇ ನಿರಾಕರಿಸಿ.